ಗೆಳತಿಯರ ಬೆಂಗಳೂರು ಬಿಡುವು: ಹಗಲು ಎಣ್ಣೆಸ್ನಾನ, ಸಂಜೆ ನಾಟಕ

ಸಂಸಾರ, ಉದ್ಯೋಗ, ಮಕ್ಕಳ ಪರೀಕ್ಷೆ, ಹಿರಿಯರ ಔಷಧೋಪಚಾರ ಇವುಗಳ ನಡುವೆ ಹಳೆಯ ಗೆಳತಿಯರು ಒಂದೆಡೆ ಸೇರಬೇಕಾದರೆ ಯಾರದಾದರೂ ಮನೆಯ ಮದುವೆಯೋ ಗೃಹಪ್ರವೇಶವೋ ಬರಬೇಕು. ಅಲ್ಲಿಯೂ ಮಾತು ಮುಗಿಯುವ ಮೊದಲೇ ಪಂಕ್ತಿಗೆ ಕರೆ ಬರುತ್ತದೆ. ಇಂಥ ಭೇಟಿಗೆ ನೆಪವೇ ಬೇಡವೆಂದು ನಿರ್ಧರಿಸಿ, ನಾಲ್ಕಾರು ಮಂದಿ ಗೆಳತಿಯರು ಒಂದು ಶನಿವಾರ ಮತ್ತು ಭಾನುವಾರವನ್ನು ತಮಗಾಗಿಯೇ ಮೀಸಲಿಟ್ಟು ನಗರವೊಂದಕ್ಕೆ ಹೋಗಿಬರುವುದುಂಟು. ಹಗಲು ಡೇ ಸ್ಪಾದಲ್ಲಿ ಮೈಗೆ ವಿಶ್ರಾಂತಿ, ಸಂಜೆ ರಂಗಮಂದಿರದಲ್ಲಿ ಮನಸ್ಸಿಗೆ ಆಹಾರ, ರಾತ್ರಿ ಎಷ್ಟು ಹೊತ್ತಾದರೂ ಮುಗಿಯದ ಮಾತು: ಇಷ್ಟೇ ಇದರ ಸ್ವರೂಪ.

ಈ ಬಗೆಯ ಪ್ರವಾಸಕ್ಕೆ ರಾಜ್ಯದಲ್ಲಿ ಬೆಂಗಳೂರಿನಷ್ಟು ಅನುಕೂಲವಾದ ಊರು ಮತ್ತೊಂದಿಲ್ಲ. ಆದರೆ ಇದೇ ನಗರ ಯೋಜನೆಯಿಲ್ಲದೆ ಬಂದವರ ಎರಡು ದಿನವನ್ನೂ ಸಂಚಾರ ದಟ್ಟಣೆಯಲ್ಲಿಯೇ ನುಂಗಿಬಿಡಬಲ್ಲದು. ಯಾವುದನ್ನು ಮೊದಲು ನಿಗದಿ ಮಾಡಬೇಕು, ಯಾವುದನ್ನು ಆಮೇಲೆ ನೋಡಿಕೊಳ್ಳಬಹುದು, ಎಲ್ಲಿ ಎಚ್ಚರ ಬೇಕು ಎಂಬ ವಿವರಗಳು ಇಲ್ಲಿವೆ.

ಬಿಡುವು ಏಕೆ ಬೇಕು?

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಅದೇ ಕೆಲಸದಲ್ಲಿ ತೊಡಗುವ ಪುರುಷರ ಸರಾಸರಿ 88 ನಿಮಿಷ. ಮಕ್ಕಳ ಮತ್ತು ಹಿರಿಯರ ಆರೈಕೆಯ ಸಮಯ ಇದರಲ್ಲಿ ಸೇರಿಲ್ಲ. ಹೊರಗೆ ದುಡಿಯುವ ಮಹಿಳೆಗೂ ಈ ಕೆಲಸ ತಪ್ಪಿದ್ದಲ್ಲ.

ನಮ್ಮ ಸಂಪ್ರದಾಯದಲ್ಲಿ ಹೆಣ್ಣಿನ ವಿಶ್ರಾಂತಿಗೆ ಸ್ಥಾನವೇ ಇರಲಿಲ್ಲವೆಂದು ಹೇಳಲಾಗದು. ತವರಿಗೆ ಹೋಗುವುದು, ದೀಪಾವಳಿಯ ಎಣ್ಣೆಸ್ನಾನ, ಬಾಣಂತನದಲ್ಲಿ ಎಣ್ಣೆ ನೀವಿ ಹದವಾದ ಬಿಸಿನೀರು ಎರೆಯುವುದು ಇವೆಲ್ಲ ಇದ್ದವು. ಆದರೆ ಇವೆಲ್ಲಕ್ಕೂ ಒಂದೊಂದು ಕಾರಣ ಬೇಕಿತ್ತು. ಮತ್ತೊಬ್ಬರು ತನ್ನ ಬೆನ್ನಿಗೆ ಎಣ್ಣೆ ಹಚ್ಚಿ ತಿಕ್ಕುವ ಭಾಗ್ಯ ಅನೇಕ ಮಹಿಳೆಯರಿಗೆ ದೊರೆತದ್ದು ಹೆರಿಗೆಯಾದಾಗ ಮಾತ್ರ. ಕಾರಣವಿಲ್ಲದೆಯೂ ದಣಿವಾರಿಸಿಕೊಳ್ಳಬಹುದು ಎಂಬ ತಿಳಿವಳಿಕೆಯೇ ಗೆಳತಿಯರ ಪ್ರವಾಸದ ಹಿಂದಿನ ನಿಜವಾದ ಹೊಸತನ.

ಇಲ್ಲಿಯೇ ಮೊದಲ ತೊಡಕೂ ಇದೆ. ಎರಡು ದಿನದ ಸಾರು, ಪಲ್ಯ, ಹಿಟ್ಟು ಎಲ್ಲವನ್ನೂ ಮಾಡಿಟ್ಟು, ಮಕ್ಕಳ ಬಟ್ಟೆ ಇಸ್ತ್ರಿ ಮಾಡಿ, ಮಧ್ಯರಾತ್ರಿ ಚೀಲ ತುಂಬಿಕೊಂಡು ಹೊರಡುವ ಮಹಿಳೆ ಸ್ಪಾದ ಮಂಚದ ಮೇಲೆ ನಿದ್ರೆಯನ್ನಷ್ಟೇ ಮಾಡುತ್ತಾಳೆ. ಮರಳಿದ ಮೇಲೆ ಎರಡು ದಿನದ ಪಾತ್ರೆ, ಬಟ್ಟೆಗಳೂ ಕಾದಿರುತ್ತವೆ. ಮುಂಗಡವಾಗಿ ದುಡಿದು ಪಡೆದ ವಿಶ್ರಾಂತಿ ಸಾಲ ಮಾಡಿ ಹಬ್ಬ ಮಾಡಿದಂತೆ. ಹೀಗಾಗಿ ಪ್ರವಾಸದ ಯೋಜನೆ ರೈಲಿನ ಟಿಕೆಟ್‌ನಿಂದ ಆರಂಭವಾಗದೆ ಮನೆಯೊಳಗಿನ ಮಾತುಕತೆಯಿಂದ ಆರಂಭವಾಗಬೇಕು. ಅಡುಗೆ ಯಾರದು, ಹಿರಿಯರ ಮಾತ್ರೆಯ ಹೊಣೆ ಯಾರದು ಎಂಬುದು ಕನಿಷ್ಠ ಎರಡು ವಾರ ಮೊದಲೇ ತೀರ್ಮಾನವಾಗಿದ್ದರೆ ಒಳಿತು.

ನಾಟಕವೇ ಗೂಟ

ಸ್ಪಾ, ಊಟ, ಖರೀದಿ, ಉದ್ಯಾನದ ಸುತ್ತಾಟ ಇವೆಲ್ಲವನ್ನೂ ಒಂದೆರಡು ಗಂಟೆ ಹಿಂದೆ ಮುಂದೆ ಮಾಡಬಹುದು. ನಾಟಕದ ವೇಳೆಯನ್ನು ಮಾತ್ರ ಪ್ರೇಕ್ಷಕರು ಬದಲಿಸಲಾರರು. ಆದ್ದರಿಂದ ಮೊದಲು ನಾಟಕವನ್ನು ಆರಿಸಿ, ಟಿಕೆಟ್ ಪಡೆದು, ಅದನ್ನು ಗೂಟವಾಗಿಟ್ಟುಕೊಂಡು ಉಳಿದ ಕಾರ್ಯಕ್ರಮವನ್ನು ಅದರ ಸುತ್ತ ಹೆಣೆಯುವುದು ಸರಿಯಾದ ಕ್ರಮ. ಅನೇಕರು ಇದಕ್ಕೆ ವಿರುದ್ಧವಾಗಿ ಮೊದಲು ಹೋಟೆಲ್ ಕಾದಿರಿಸಿ, ಆ ವಾರಾಂತ್ಯಕ್ಕೆ ಯಾವ ನಾಟಕವಿದೆಯೆಂದು ಕೊನೆಗೆ ಹುಡುಕುತ್ತಾರೆ. ಅಷ್ಟರಲ್ಲಿ ಒಳ್ಳೆಯ ಪ್ರದರ್ಶನದ ಆಸನಗಳು ತುಂಬಿರುತ್ತವೆ, ಇಲ್ಲವೇ ವಸತಿಯಿಂದ ರಂಗಮಂದಿರಕ್ಕೆ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕಾಗುತ್ತದೆ.

ಬೆಂಗಳೂರಿನ ಪ್ರಮುಖ ರಂಗಮಂದಿರಗಳ ಪರಿಚಯ ಹೀಗಿದೆ.

ರಂಗಶಂಕರ: ಜೆ.ಪಿ. ನಗರ 2ನೇ ಹಂತದಲ್ಲಿರುವ ಈ ರಂಗಮಂದಿರ 2004ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. 1990ರಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದ ನಟ, ನಿರ್ದೇಶಕ ಶಂಕರ್ ನಾಗ್ ಅವರ ನೆನಪಿನಲ್ಲಿ, ಅವರ ಪತ್ನಿ ಹಾಗೂ ರಂಗನಟಿ ಅರುಂಧತಿ ನಾಗ್ ಅವರ ನೇತೃತ್ವದಲ್ಲಿ ರೂಪುಗೊಂಡಿತು. ಪ್ರೇಕ್ಷಕರ ನಡುವಿಗೆ ಚಾಚಿದಂತಿರುವ ವೇದಿಕೆ ಇಲ್ಲಿಯ ವಿಶೇಷ. ಸುಮಾರು ಮುನ್ನೂರು ಆಸನಗಳ ಸಭಾಂಗಣವಾದ್ದರಿಂದ ಹಿಂದಿನ ಸಾಲಿಗೂ ನಟರ ಮುಖಭಾವ ಕಾಣುತ್ತದೆ. ಸೋಮವಾರದ ಹೊರತು ಬಹುತೇಕ ಎಲ್ಲ ದಿನವೂ ಪ್ರದರ್ಶನವಿರುತ್ತದೆ. ಸಂಜೆಯ ಆಟ ಸಾಮಾನ್ಯವಾಗಿ 7.30ಕ್ಕೆ, ಭಾನುವಾರ ಮಧ್ಯಾಹ್ನ 3.30ಕ್ಕೂ ಒಂದು ಆಟ ಇರುವುದುಂಟು. ಸಮಯಪಾಲನೆ ಇಲ್ಲಿಯ ಕಟ್ಟುನಿಟ್ಟಿನ ನಿಯಮ. ತಡವಾಗಿ ಬಂದವರಿಗೆ, ಕೈಯಲ್ಲಿ ಟಿಕೆಟ್ ಇದ್ದರೂ, ಒಳಗೆ ಪ್ರವೇಶವಿಲ್ಲ.

ರವೀಂದ್ರ ಕಲಾಕ್ಷೇತ್ರ: ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ಸ್ಮರಣೆಗಾಗಿ ನಿರ್ಮಾಣಗೊಂಡು 1963ರಲ್ಲಿ ಉದ್ಘಾಟನೆಯಾದ ಈ ಸಭಾಂಗಣ ಜೆ.ಸಿ. ರಸ್ತೆಯಲ್ಲಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದನ್ನು ನಡೆಸುತ್ತದೆ. ಇದರ ಹಿಂಭಾಗದಲ್ಲಿ ಸಂಸ ಬಯಲು ರಂಗಮಂದಿರವಿದ್ದು, ಕನ್ನಡ ಭವನದ ನಯನ ಸಭಾಂಗಣವೂ ಇದೇ ಆವರಣಕ್ಕೆ ಹೊಂದಿಕೊಂಡಿದೆ. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಬಯಲಿನಲ್ಲಿ ಈಡಿಪಸ್, ಜೋಕುಮಾರಸ್ವಾಮಿ ಮತ್ತು ಸಂಕ್ರಾಂತಿ ನಾಟಕಗಳನ್ನು ಆಡಿಸಿದ್ದು ಹವ್ಯಾಸಿ ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದ ಘಟನೆ. ಇಲ್ಲಿಯ ಅನೇಕ ಪ್ರದರ್ಶನಗಳ ಟಿಕೆಟ್‌ಗಳು ತಂಡದವರ ಬಳಿ ಅಥವಾ ಬಾಗಿಲಲ್ಲೇ ದೊರೆಯುತ್ತವೆ. ಹೀಗಾಗಿ ಆ ವಾರದ ಪತ್ರಿಕೆಗಳ ‘ನಗರದಲ್ಲಿ ಇಂದು’ ಅಂಕಣವನ್ನು ನೋಡಿಕೊಳ್ಳುವುದು ಅಗತ್ಯ.

ಇತರ ರಂಗಮಂದಿರಗಳು: ಏಳು ತಂತಿಯ ಪಿಟೀಲಿನಿಂದ ಹೆಸರಾದ ಟಿ. ಚೌಡಯ್ಯನವರ ಸ್ಮರಣಾರ್ಥ 1980ರಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಲಾದ ಚೌಡಯ್ಯ ಸ್ಮಾರಕ ಭವನ ಮಲ್ಲೇಶ್ವರದ ಸಮೀಪವಿದೆ. ದೊಡ್ಡ ತಂಡಗಳ ನಾಟಕ ಮತ್ತು ಸಂಗೀತ ಕಛೇರಿಗಳು ಇಲ್ಲಿ ನಡೆಯುತ್ತವೆ. ಹನುಮಂತನಗರದ ಕೆ.ಎಚ್. ಕಲಾಸೌಧ ಕನ್ನಡ ಹವ್ಯಾಸಿ ತಂಡಗಳ ನೆಚ್ಚಿನ ತಾಣ. ವೈಟ್‌ಫೀಲ್ಡ್ ಕಡೆ ವಸತಿ ಹೂಡುವವರಿಗೆ 2011ರಲ್ಲಿ ಆರಂಭವಾದ ಜಾಗೃತಿ ರಂಗಮಂದಿರ ಹತ್ತಿರವಾಗುತ್ತದೆ. ಇಂಗ್ಲಿಷ್ ನಾಟಕಗಳು ಇಲ್ಲಿ ಹೆಚ್ಚು.

ಯಾವ ನಾಟಕ?

ಗೆಳತಿಯರ ಗುಂಪಿನಲ್ಲಿ ಎಲ್ಲರ ಅಭಿರುಚಿ ಒಂದೇ ಆಗಿರುವುದಿಲ್ಲ. ಕಾಲೇಜು ದಿನಗಳಿಂದಲೂ ನಾಟಕ ನೋಡುತ್ತ ಬಂದವರ ಪಕ್ಕದಲ್ಲಿ, ಶಾಲಾ ವಾರ್ಷಿಕೋತ್ಸವದ ಬಳಿಕ ನಾಟಕವನ್ನೇ ನೋಡದವರೂ ಕುಳಿತಿರುತ್ತಾರೆ. ಮೊದಲ ಬಾರಿಗೆ ಹೋಗುವ ಗುಂಪಿಗೆ ಹಾಡು, ಹಾಸ್ಯ ಬೆರೆತ ಒಂದೂವರೆ ಅಥವಾ ಎರಡು ಗಂಟೆಯ ಕನ್ನಡ ನಾಟಕ ಸೂಕ್ತ. ಟಿಕೆಟ್ ಪಡೆಯುವ ಮುನ್ನ ನಾಟಕದ ಅವಧಿ, ಭಾಷೆ, ಮಧ್ಯಂತರವಿದೆಯೇ ಎಂಬುದನ್ನು ತಿಳಿದುಕೊಳ್ಳಬೇಕು. ರಂಗಭೂಮಿಯಲ್ಲಿ ಅವಧಿಗೆ ಮಿತಿಯಿಲ್ಲ. ಕುವೆಂಪು ಅವರ ಕಾದಂಬರಿಯನ್ನು ಆಧರಿಸಿ ಸಿ. ಬಸವಲಿಂಗಯ್ಯನವರು ನಿರ್ದೇಶಿಸಿದ ‘ಮಲೆಗಳಲ್ಲಿ ಮದುಮಗಳು’ ಸುಮಾರು ಒಂಬತ್ತು ಗಂಟೆಗಳ ಕಾಲ, ರಾತ್ರಿಯಿಂದ ಬೆಳಗಿನವರೆಗೆ ನಡೆಯುವ ಪ್ರಯೋಗ. ಅಂಥದ್ದನ್ನು ನೋಡಬೇಕೆಂದರೆ ಪ್ರವಾಸದ ಯೋಜನೆಯೇ ಬೇರೆಯಾಗುತ್ತದೆ.

ನಾಟಕದ ಟಿಕೆಟ್ ದರ ತಲಾ 500 ರೂಪಾಯಿ ಮೀರದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಇಡೀ ಪ್ರವಾಸದಲ್ಲಿ ಅತ್ಯಂತ ಕಡಿಮೆ ವೆಚ್ಚದ ಬಾಬತ್ತು ಬಹುಶಃ ಇದೇ ಆಗಿರುತ್ತದೆ.

ಮಹಿಳೆಯರು ತಾವಾಗಿಯೇ ಟಿಕೆಟ್ ಕೊಂಡು ನಾಟಕಕ್ಕೆ ಹೋಗುವುದರ ಹಿಂದೆ ಒಂದು ಇತಿಹಾಸವೂ ಇದೆ. ಕಂಪನಿ ನಾಟಕಗಳ ಆರಂಭದ ದಿನಗಳಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಪ್ರೇಕ್ಷಕರ ಸಾಲಿನಲ್ಲಿ ಹೆಂಗಸರಿಗೆ ಪ್ರತ್ಯೇಕ ಜಾಗವಿರುತ್ತಿತ್ತು. ರಂಗದ ಮೇಲೆ ನಿಂತ ಹೆಣ್ಣನ್ನು ಸಮಾಜ ಅನುಮಾನದಿಂದ ನೋಡುತ್ತಿತ್ತು. ಅಂಥ ಹಿನ್ನೆಲೆಯಲ್ಲಿ 1958ರಲ್ಲಿ ಆರ್. ನಾಗರತ್ನಮ್ಮನವರು ಮಹಿಳೆಯರೇ ತುಂಬಿದ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸನಂಥ ಪುರುಷ ಪಾತ್ರಗಳನ್ನು ತಾವೇ ಅಭಿನಯಿಸಿ ಜನಮನ ಗೆದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಂದು ಐದಾರು ಮಹಿಳೆಯರು ಯಾರ ಕಾವಲೂ ಇಲ್ಲದೆ ರಾತ್ರಿ ಆಟ ನೋಡಿ ಮರಳುವುದು ಸಾಮಾನ್ಯ ಸಂಗತಿಯೆನಿಸಿದ್ದರೆ ಅದರ ಹಿಂದೆ ಇಂಥವರ ದುಡಿಮೆಯಿದೆ.

ಸ್ಪಾ: ಹೆಸರು ಹೊಸತು, ಪದ್ಧತಿ ಹಳತು

ಬೆಲ್ಜಿಯಂ ದೇಶದಲ್ಲಿ ಖನಿಜಯುಕ್ತ ಬುಗ್ಗೆಗಳಿಗೆ ಹೆಸರಾದ ಸ್ಪಾ ಎಂಬ ಪಟ್ಟಣವಿದೆ. ಯುರೋಪಿನ ಮಹಾ ಸ್ಪಾ ಪಟ್ಟಣಗಳಲ್ಲಿ ಒಂದಾಗಿ ಇದು 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅದರ ಹೆಸರೇ ಇಂದು ಜಗತ್ತಿನ ಎಲ್ಲ ಸ್ನಾನೋಪಚಾರ ಕೇಂದ್ರಗಳಿಗೂ ಅಂಟಿಕೊಂಡಿದೆ. ರಾತ್ರಿ ತಂಗದೆ, ಕೆಲವು ಗಂಟೆಗಳ ಮಟ್ಟಿಗೆ ಹೋಗಿ ಉಪಚಾರ ಪಡೆದು ಮರಳುವ ಕೇಂದ್ರವನ್ನು ಡೇ ಸ್ಪಾ ಎನ್ನುತ್ತಾರೆ. ಪಂಚಕರ್ಮದಂಥ ದಿನಗಟ್ಟಲೆಯ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ. ಅದು ವೈದ್ಯರ ಉಸ್ತುವಾರಿಯಲ್ಲಿ ನಡೆಯಬೇಕಾದದ್ದು, ವಾರಾಂತ್ಯದ ಬಿಡುವಿನಲ್ಲಿ ಮಾಡಿಸಿಕೊಳ್ಳುವಂಥದ್ದಲ್ಲ.

ಡೇ ಸ್ಪಾಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉಪಚಾರಗಳಿವು. ಅಭ್ಯಂಗವೆಂದರೆ ಎಳ್ಳೆಣ್ಣೆ ಅಥವಾ ಔಷಧೀಯ ತೈಲವನ್ನು ಬೆಚ್ಚಗೆ ಮಾಡಿ ಮೈತುಂಬ ನೀವುವುದು, ಆ ಬಳಿಕ ಹಬೆಸ್ನಾನ. ಶಿರೋಧಾರೆಯಲ್ಲಿ ಹಣೆಯ ಮೇಲೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಹರಿಸುತ್ತಾರೆ. ಸ್ವೀಡಿಷ್ ಮಸಾಜ್‌ನಲ್ಲಿ ಒತ್ತಡ ಹಗುರ, ಡೀಪ್ ಟಿಶ್ಯೂ ಮಸಾಜ್‌ನಲ್ಲಿ ಒತ್ತಡ ಹೆಚ್ಚು. ಮೊದಲ ಬಾರಿ ಹೋಗುವವರಿಗೆ ಎರಡನೆಯದು ನೋವುಂಟುಮಾಡಬಹುದು. ಮೈಮೇಲಿನ ಉಪಚಾರಕ್ಕೆ ಸಂಕೋಚಪಡುವವರು ಪಾದಗಳಿಗೆ ಮಾತ್ರ ಸೀಮಿತವಾದ ಮಸಾಜ್, ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳುವುದು ಅಥವಾ ಫೇಶಿಯಲ್ ಆರಿಸಿಕೊಳ್ಳಬಹುದು. ಗುಂಪಿನ ಎಲ್ಲರೂ ಒಂದೇ ಉಪಚಾರ ಪಡೆಯಬೇಕೆಂಬ ನಿಯಮವಿಲ್ಲ.

ಆಯುರ್ವೇದದ ಅಷ್ಟಾಂಗಹೃದಯ ಗ್ರಂಥವು ಅಭ್ಯಂಗವನ್ನು ದಿನಚರಿಯ ಭಾಗವಾಗಿಯೇ ಹೇಳಿ, ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷ ಗಮನ ಕೊಡಬೇಕೆನ್ನುತ್ತದೆ. ಅಜೀರ್ಣವಾದಾಗ ಅಭ್ಯಂಗ ಸಲ್ಲದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ. ಭರ್ಜರಿ ತಿಂಡಿ ತಿಂದು ನೇರವಾಗಿ ಮಸಾಜ್‌ಗೆ ಹೋಗಬಾರದೆಂಬ ಇಂದಿನ ಸಲಹೆಯೂ ಇದಕ್ಕೆ ಹತ್ತಿರವಾದದ್ದೇ. ಊಟಕ್ಕೂ ಉಪಚಾರಕ್ಕೂ ನಡುವೆ ಎರಡು ಗಂಟೆಯಾದರೂ ಅಂತರವಿರಲಿ.

ಯಾರು ಎಚ್ಚರ ವಹಿಸಬೇಕು?

ಮಸಾಜ್ ನಿರಪಾಯಕಾರಿ ಎಂಬ ಸಾಮಾನ್ಯ ನಂಬಿಕೆ ಎಲ್ಲರ ವಿಷಯದಲ್ಲಿಯೂ ನಿಜವಲ್ಲ. ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಹತೋಟಿಗೆ ಬಾರದ ರಕ್ತದೊತ್ತಡ ಅಥವಾ ಹೃದಯದ ತೊಂದರೆಯಿರುವವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳದೆ ಮಸಾಜ್ ಮಾಡಿಸಿಕೊಳ್ಳಬಾರದು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಕಾಲು ನೀವುವುದು ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಒಂದೇ ಕಾಲು ಬಾತು, ನೋವಿದ್ದರೆ ಸ್ಪಾಗೆ ಬದಲು ಆಸ್ಪತ್ರೆಗೆ ಹೋಗಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರಿಗೆ ಬಿಸಿ ಎಣ್ಣೆ, ಬಿಸಿ ನೀರು ಸುಟ್ಟರೂ ತಿಳಿಯುವುದಿಲ್ಲ. ಜ್ವರ, ಚರ್ಮದ ಸೋಂಕು ಇದ್ದಾಗ ಉಪಚಾರವನ್ನು ಮುಂದೂಡುವುದೇ ಸರಿ. ತೈಲ ಒಗ್ಗುವುದೋ ಇಲ್ಲವೋ ಎಂಬ ಸಂದೇಹವಿದ್ದರೆ ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ ನೋಡಬೇಕು.

ಮುಟ್ಟಿನ ದಿನಗಳಲ್ಲಿ ಆಯುರ್ವೇದ ಕೇಂದ್ರಗಳು ಸಾಮಾನ್ಯವಾಗಿ ಅಭ್ಯಂಗ ಮಾಡುವುದಿಲ್ಲ. ಐದಾರು ಮಂದಿಯ ಗುಂಪಿನಲ್ಲಿ ಒಬ್ಬರಿಗಾದರೂ ಈ ಪ್ರಸಂಗ ಬರುವುದು ಸಹಜ. ಕಾದಿರಿಸುವಾಗಲೇ ಉಪಚಾರ ಬದಲಿಸುವ ಅಥವಾ ಹಣ ಮರಳಿಸುವ ಅವಕಾಶವಿದೆಯೇ ಎಂದು ವಿಚಾರಿಸಿಕೊಂಡಿದ್ದರೆ ಆ ಗೆಳತಿ ಹೊರಗೆ ಕುಳಿತು ಕಾಯಬೇಕಾಗುವುದಿಲ್ಲ.

ಕಾದಿರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಸ್ಪಾಗೆ ದೂರವಾಣಿ ಕರೆ ಮಾಡಿದಾಗ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಉಪಚಾರ ಮಾಡುವವರು ಮಹಿಳೆಯರೇ? ಅವರಿಗೆ ತರಬೇತಿಯಿದೆಯೇ? ಕೋಣೆಗೆ ಒಳಗಿನಿಂದ ಚಿಲಕ ಹಾಕಬಹುದೇ? ಒಗೆದ ಹೊಸ ಹಾಸು, ಟವೆಲ್ ಕೊಡುತ್ತಾರೆಯೇ? ಸ್ನಾನದ ವ್ಯವಸ್ಥೆಯಿದೆಯೇ? ಒಡವೆ, ಮೊಬೈಲ್ ಇಡಲು ಬೀಗದ ಕಪಾಟಿದೆಯೇ? ಏಕಕಾಲದಲ್ಲಿ ಎಷ್ಟು ಮಂದಿಗೆ ಉಪಚಾರ ಸಾಧ್ಯ? ಕೊನೆಯ ಪ್ರಶ್ನೆ ಬಹುಮುಖ್ಯ. ಎರಡೇ ಮಂಚಗಳಿರುವ ಕಡೆ ಆರು ಮಂದಿ ಹೋದರೆ ಕೊನೆಯವರ ಸರದಿ ಬರುವ ಹೊತ್ತಿಗೆ ನಾಟಕದ ಗಂಟೆ ಬಾರಿಸಿರುತ್ತದೆ.

ನಗರಪಾಲಿಕೆಯ ವ್ಯಾಪಾರ ಪರವಾನಗಿಯನ್ನು ಗೋಡೆಗೆ ತೂಗುಹಾಕಿ, ರಸೀದಿ ಕೊಡುವ ಕೇಂದ್ರವನ್ನೇ ಆರಿಸಬೇಕು. ರೋಗ ಗುಣಪಡಿಸುವ, ಒಂದೇ ದಿನದಲ್ಲಿ ತೂಕ ಇಳಿಸುವ ಭರವಸೆ ಕೊಡುವ ಕಡೆಗೆ ಹೋಗದಿರುವುದೇ ಕ್ಷೇಮ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅನುಮಾನಾಸ್ಪದ ಸಾಧನ ಕಂಡರೆ ಅದನ್ನು ಮುಟ್ಟದೆ ಹೊರಬಂದು 112ಕ್ಕೆ ಕರೆ ಮಾಡಬೇಕು. ಮಹಿಳೆಯ ಖಾಸಗಿ ಕ್ಷಣಗಳನ್ನು ಚಿತ್ರೀಕರಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧವಾಗಿದ್ದು, ಮೊದಲ ಬಾರಿಗೇ ಒಂದರಿಂದ ಮೂರು ವರ್ಷಗಳ ಸೆರೆವಾಸಕ್ಕೆ ಅವಕಾಶವಿದೆ.

ದರದ ವಿಷಯಕ್ಕೆ ಬಂದರೆ, ಬಡಾವಣೆಯ ಆಯುರ್ವೇದ ಕೇಂದ್ರಕ್ಕೂ ತಾರಾ ಹೋಟೆಲಿನ ಸ್ಪಾಗೂ ಹಲವು ಪಟ್ಟು ಅಂತರವಿದೆ. 2025ರ ಸೆಪ್ಟೆಂಬರ್ 22ರಿಂದ ಸೌಂದರ್ಯ ಮತ್ತು ದೇಹಾರೋಗ್ಯ ಸೇವೆಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. 2,000 ರೂಪಾಯಿಯ ಉಪಚಾರಕ್ಕೆ ಮೊದಲು 360 ರೂಪಾಯಿ ತೆರಿಗೆಯಾಗುತ್ತಿತ್ತು, ಈಗ 100 ರೂಪಾಯಿ. ರಸೀದಿಯಲ್ಲಿ ಹಳೆಯ ದರವೇ ಇದ್ದರೆ ಪ್ರಶ್ನಿಸಬಹುದು.

ಹಸಿರು ಮಾರ್ಗದ ಮೇಲೆ ಎರಡು ದಿನ

ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರುಗಳಲ್ಲಿ ಅಳೆಯದೆ ನಿಮಿಷಗಳಲ್ಲಿ ಅಳೆಯಬೇಕು. ಹೀಗಾಗಿ ವಸತಿ, ಸ್ಪಾ, ರಂಗಮಂದಿರ ಮೂರೂ ಮೆಟ್ರೋದ ಒಂದೇ ಮಾರ್ಗದ ಆಸುಪಾಸಿನಲ್ಲಿರುವಂತೆ ಯೋಜಿಸುವುದು ಜಾಣತನ. ಹಸಿರು ಮಾರ್ಗ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ರವೀಂದ್ರ ಕಲಾಕ್ಷೇತ್ರಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ, ಗಾಂಧಿ ಬಜಾರಿಗೆ ನ್ಯಾಷನಲ್ ಕಾಲೇಜು ನಿಲ್ದಾಣ, ಮುಂದೆ ಲಾಲ್‌ಬಾಗ್, ಜಯನಗರ, ಬನಶಂಕರಿ, ಕೊನೆಗೆ ಜಯಪ್ರಕಾಶ ನಗರ. ಅಲ್ಲಿಂದ ರಂಗಶಂಕರಕ್ಕೆ ಆಟೋ ಹಿಡಿಯಬೇಕು. ಬಸವನಗುಡಿ ಅಥವಾ ಜಯನಗರದಲ್ಲಿ ವಸತಿ ಮಾಡಿದರೆ ಎಲ್ಲವೂ ಕೈಗೆಟಕುವಂತಿರುತ್ತವೆ.

ಶನಿವಾರ ಬೆಳಿಗ್ಗೆ ನಗರ ತಲುಪಿ ಸಾಮಾನುಗಳನ್ನು ವಸತಿಯಲ್ಲಿಟ್ಟು, 8 ಗಂಟೆಯ ವೇಳೆಗೆ ತಿಂಡಿ. 1943ರಲ್ಲಿ ಆರಂಭವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆಗೆ ಸರದಿ ನಿಲ್ಲಬೇಕಾದೀತು. ಅಲ್ಲಿಂದ ಲಾಲ್‌ಬಾಗಿನಲ್ಲಿ ಒಂದು ಸುತ್ತು. ಹೈದರಾಲಿಯ ಕಾಲದಲ್ಲಿ ಮೊದಲಾದ ಈ ಉದ್ಯಾನದ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. 11ರಿಂದ 1.30ರವರೆಗೆ ಸ್ಪಾ. ಬಳಿಕ ಹಗುರವಾದ ಊಟ, ಸಂಜೆ ನಾಲ್ಕರವರೆಗೆ ನಿದ್ರೆ. ಎಣ್ಣೆಸ್ನಾನದ ನಂತರ ಬಿಸಿಲಲ್ಲಿ ಅಲೆಯುವ ಕಾರ್ಯಕ್ರಮ ಇಟ್ಟುಕೊಳ್ಳಬಾರದು. ಮೈ ಸಡಿಲಾದಾಗ ತಲೆಸುತ್ತು ಬರುವ ಸಾಧ್ಯತೆಯಿದೆ, ನೀರು ಧಾರಾಳವಾಗಿ ಕುಡಿಯಬೇಕು. 7ಕ್ಕೆ ರಂಗಮಂದಿರದ ಬಾಗಿಲಲ್ಲಿರುವಂತೆ 6 ಗಂಟೆಗೆಲ್ಲ ಹೊರಡುವುದು ಒಳ್ಳೆಯದು.

ಭಾನುವಾರ ಬೆಳಿಗ್ಗೆ ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಥವಾ 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೆದ ಮ್ಯಾಪ್ ಕಲಾ ಸಂಗ್ರಹಾಲಯ ನೋಡಬಹುದು. ರಾತ್ರಿ ಮರಳುವವರು ಶನಿವಾರದ ಆಟಕ್ಕೆ ಬದಲಾಗಿ ಭಾನುವಾರ ಮಧ್ಯಾಹ್ನದ ಆಟವನ್ನೇ ಆರಿಸಿಕೊಂಡರೂ ಸರಿ, ಸಂಜೆ ಆರರ ವೇಳೆಗೆ ಬಿಡುವಾಗುತ್ತದೆ.

ಸೋಮವಾರವನ್ನು ಸೇರಿಸಿ ರಜೆ ಹಾಕುವವರು ಒಂದು ಅಂಶ ನೆನಪಿಡಬೇಕು. ರಂಗಶಂಕರ, ಮೇಲಿನ ಎರಡೂ ಕಲಾ ಸಂಗ್ರಹಾಲಯಗಳು ಹಾಗೂ 1924ರಿಂದ ನಡೆದುಬಂದ ಮಾವಳ್ಳಿಯ ಎಂ.ಟಿ.ಆರ್. ಹೋಟೆಲು ಸೋಮವಾರ ಮುಚ್ಚಿರುತ್ತವೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ.

ಪ್ರಯಾಣ ಮತ್ತು ವಸತಿ

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಐರಾವತ, ಸ್ಲೀಪರ್ ಹಾಗೂ ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸದು. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕಡ್ಡಾಯ. ಬೆಂಗಳೂರಿನೊಳಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿಯೂ ಈ ಸೌಲಭ್ಯವಿದೆ. ಧಾರವಾಡ ಕಡೆಯಿಂದ 2023ರ ಜೂನ್‌ನಲ್ಲಿ, ಕಲಬುರಗಿಯಿಂದ 2024ರ ಮಾರ್ಚ್‌ನಲ್ಲಿ, ಬೆಳಗಾವಿಯಿಂದ 2025ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ವಂದೇ ಭಾರತ್ ರೈಲುಗಳು ಆರಂಭವಾದವು. ಕಲಬುರಗಿಯ ಗಾಡಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಬರುತ್ತದೆ, ಮೆಜೆಸ್ಟಿಕ್‌ಗೆ ಅಲ್ಲ ಎಂಬುದನ್ನು ಗಮನಿಸಬೇಕು.

ನಗರದಲ್ಲಿ 2025ರ ಆಗಸ್ಟ್ 1ರಂದು ಪರಿಷ್ಕರಿಸಿದ ಆಟೋ ದರದಂತೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ನಂತರದ ಪ್ರತಿ ಕಿ.ಮೀ.ಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ನಾಟಕ ಮುಗಿದ ಬಳಿಕ ಗುಂಪು ಒಡೆಯದೆ, ಆಟೋ ಅಥವಾ ಕ್ಯಾಬಿನ ಸಂಖ್ಯೆಯನ್ನು ಪರಸ್ಪರ ಕಳುಹಿಸಿ ಹೊರಡಬೇಕು. ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112 ಎಲ್ಲರ ಮೊಬೈಲಿನಲ್ಲಿಯೂ ಇರಲಿ.

ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೋಣೆಗೆ ಶೇ. 5, ಅದಕ್ಕೂ ಹೆಚ್ಚಿನ ಬಾಡಿಗೆಗೆ ಶೇ. 18 ಜಿಎಸ್‌ಟಿ ಇದೆ. ಬಾಡಿಗೆಗಿಂತಲೂ ಮುಖ್ಯವಾದದ್ದು ಕೋಣೆಗಳ ಅಕ್ಕಪಕ್ಕದ ಜೋಡಣೆ, ರಾತ್ರಿಯೂ ಸ್ವಾಗತಕಾರರಿರುವ ವ್ಯವಸ್ಥೆ.

ಹಣದ ಮಾತು

ಗೆಳತಿಯರ ಪ್ರವಾಸಗಳು ಮುರಿದುಬೀಳುವುದು ಬಹುಮಟ್ಟಿಗೆ ಹಣದ ಮೌನದಿಂದ. ಒಟ್ಟಿಗೆ ಓದಿದವರ ಆದಾಯ ಇಪ್ಪತ್ತು ವರ್ಷಗಳ ಬಳಿಕ ಒಂದೇ ಆಗಿರುವುದಿಲ್ಲ. ಕೈಯಲ್ಲಿ ಸಂಬಳವಿರುವವರ ಜೊತೆ, ಖರ್ಚಿನ ಪ್ರತಿ ರೂಪಾಯಿಗೂ ಮನೆಯಲ್ಲಿ ಲೆಕ್ಕ ಕೊಡಬೇಕಾದವರೂ ಇರುತ್ತಾರೆ. ಅವರು ‘ಹಣವಿಲ್ಲ’ ಎನ್ನದೆ ‘ಮನೆಯಲ್ಲಿ ಒಪ್ಪುವುದಿಲ್ಲ’ ಎಂದು ಹಿಂದೆ ಸರಿಯುತ್ತಾರೆ. ಆದ್ದರಿಂದ ಗುಂಪಿನಲ್ಲಿ ಅತ್ಯಂತ ಕಡಿಮೆ ಖರ್ಚು ಮಾಡಬಲ್ಲವರ ಶಕ್ತಿಗೆ ತಕ್ಕಂತೆ ಸಾಮಾನ್ಯ ಖರ್ಚುಗಳನ್ನು, ಅಂದರೆ ವಸತಿ, ಊಟ, ನಾಟಕದ ಟಿಕೆಟ್ ಇವನ್ನು, ನಿಗದಿಪಡಿಸಬೇಕು. ಸ್ಪಾದಲ್ಲಿ ಮಾತ್ರ ಅವರವರ ಇಷ್ಟದಂತೆ ಆರಿಸಿಕೊಂಡು ಅವರವರೇ ಹಣ ಕೊಡಲಿ. ಕೆಲವು ತಿಂಗಳ ಮೊದಲೇ ಚೀಟಿಯಂತೆ ತಿಂಗಳಿಗಿಷ್ಟು ಕೂಡಿಡುತ್ತ ಬಂದರೆ ಯಾರಿಗೂ ಒಮ್ಮೆಲೇ ಹೊರೆಯಾಗದು. ಲೆಕ್ಕ ಬರೆಯುವ ಹೊಣೆ ಒಬ್ಬರದ್ದೇ ಆಗಿರಲಿ.

ಮೈಸೂರಿನ ಪರ್ಯಾಯ

ಬೆಂಗಳೂರಿನ ಗದ್ದಲ ಬೇಡವೆನ್ನುವವರಿಗೆ ಮೈಸೂರು ಸೊಗಸಾದ ಆಯ್ಕೆ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ವಾರಾಂತ್ಯದ ನಾಟಕಗಳು ನಡೆಯುತ್ತವೆ. ರಂಗಾಯಣದ ಬಹುರೂಪಿ ನಾಟಕೋತ್ಸವದ ಸಮಯಕ್ಕೆ ಹೋದರೆ ದಿನಕ್ಕೊಂದು ಭಾಷೆಯ ನಾಟಕ ನೋಡಬಹುದು. ಆಯುರ್ವೇದದ ಪರಂಪರೆಯೂ ಇಲ್ಲಿ ಗಟ್ಟಿಯಾಗಿದೆ, ಸರ್ಕಾರಿ ಆಯುರ್ವೇದ ಕಾಲೇಜು 1908ರಷ್ಟು ಹಿಂದೆಯೇ ಸ್ಥಾಪನೆಯಾದದ್ದು. ಭಾನುವಾರ ಸಂಜೆಯ ಅರಮನೆ ದೀಪಾಲಂಕಾರ ಮತ್ತು ನಾಟಕದ ವೇಳೆ ಒಂದಕ್ಕೊಂದು ಅಡ್ಡಬರುವ ಸಾಧ್ಯತೆ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ದಸರೆಯ ದಿನಗಳಲ್ಲಿ ವಸತಿ ದುಬಾರಿ, ವಿಶ್ರಾಂತಿ ದುರ್ಲಭ.

ಯಾವ ಊರನ್ನೇ ಆರಿಸಿಕೊಂಡರೂ ಕ್ರಮ ಒಂದೇ. ಮೊದಲು ಮನೆಯ ಹೊಣೆಯ ಹಂಚಿಕೆ, ಆಮೇಲೆ ನಾಟಕದ ಟಿಕೆಟ್, ಅದರ ಹಿಂದೆ ಸ್ಪಾದ ವೇಳೆ, ಕೊನೆಗೆ ವಸತಿ ಮತ್ತು ಪ್ರಯಾಣ. ಮರಳಿ ಬಂದ ಸೋಮವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಎರಡು ದಿನದ ಪಾತ್ರೆಗಳು ರಾಶಿ ಬಿದ್ದಿಲ್ಲವೆಂದರೆ, ಆ ಯೋಜನೆ ಯಶಸ್ವಿಯಾಯಿತೆಂದೇ ತಿಳಿಯಬಹುದು.